ಜಯಶ್ರೀಯ ನೂರಕ್ಕೆ ನೂರು ಹಾಜರಿ

ಬಾಗಲಕೋಟೆಯ ನವನಗರದಲ್ಲಿ ಸೆಕ್ಟರುಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುವುದರಿಂದ ದಾರಿ ತಪ್ಪುವುದು ಅಲ್ಲಿ ಅಪರಾಧವಲ್ಲ. ಆದರೆ ದಾರಿ ತಪ್ಪಿ, ಪರರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಕೂತು, "ಒಂದೀಟ ಚಾ ಮಾಡು" ಎಂದು ಒಳಗೆ ಕೂಗಿ ಹೇಳಿ, ಬಂದ ಚಹಾ ಕುಡಿದು, "ಸಕ್ರಿ ಕಡಿಮಿ ಆತು" ಎಂದು ತಕರಾರನ್ನೂ ಮಾಡಿದವನು ಆ ಊರಿನ ಇತಿಹಾಸದಲ್ಲಿ ನಾಗಲಿಂಗ ಒಬ್ಬನೇ. ಆ ಮನೆಯವರು ಮರ್ಯಾದಸ್ಥರು. ಬೀಗರ ಪೈಕಿ ಯಾರೋ ಇರಬೇಕೆಂದು ಸಕ್ಕರೆ ತಂದು ಹಾಕಿದರು. ಅಷ್ಟರಲ್ಲಿ ಅವನ ಹೆಂಡತಿ ಜಯಶ್ರೀ ಸೆಕ್ಟರಿನಿಂದ ಸೆಕ್ಟರಿಗೆ ಹುಡುಕುತ್ತ ಬಂದು, ಬಾಗಿಲಲ್ಲಿದ್ದ ಚಪ್ಪಲಿ ಗುರುತಿಸಿ, ಆ ಮನೆಯವರ ಕ್ಷಮೆ ಕೇಳಿ, ಗಂಡನನ್ನು ಕರೆದುಕೊಂಡು ಹೋದಳು.

ಅದು ಜಯಶ್ರೀ ಇದ್ದಾಗಿನ ಮಾತು. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಈಗ ನಾಗಲಿಂಗ ಒಂದು ಕಾಲಿಗೆ ಕರಿ ಚಪ್ಪಲಿ, ಇನ್ನೊಂದಕ್ಕೆ ಕಂದು ಚಪ್ಪಲಿ ಮೆಟ್ಟಿ ಹೊರಟರೆ ಸಂಜೆಯವರೆಗೂ ಹಾಗೆಯೇ ಇರುತ್ತಿದ್ದ. ಹೇಳುವವರಿರಲಿಲ್ಲ.

ಇಂಥವನ ಕೈಗೆ ಹನ್ನೆರಡು ಸಾವಿರ ಜನರ ಹಾಜರಿ, ರಜೆ, ಬಡ್ತಿ, ವರ್ಗಾವಣೆಗಳನ್ನು ಯಾರಾದರೂ ಕೊಡುತ್ತಾರೆಯೇ ಎಂದರೆ, ಕೊಟ್ಟಿದ್ದರು. ಕೊಟ್ಟವರು ಮೇಗುಡಿ ಉದ್ಯಮ ಸಮೂಹದವರು. ಬಾದಾಮಿಯ ಕಡೆ ಸಿಮೆಂಟು, ಹುನಗುಂದದಲ್ಲಿ ಎಣ್ಣೆ ಗಿರಣಿ, ಇಳಕಲ್ಲಿನಲ್ಲಿ ಗ್ರಾನೈಟು, ಬಾಗಲಕೋಟೆಯಲ್ಲಿ ಹೆಡ್ ಆಫೀಸು. ಇಷ್ಟೂ ಕಡೆಯ ಸಿಬ್ಬಂದಿಗೆ ಒಂದೇ ಪೋರ್ಟಲ್ ಕಟ್ಟಿಕೊಡುವ ಕೆಲಸವನ್ನು ಹಿಡಿದು ತಂದವನು ನಾಗಲಿಂಗನ ಮಾಲೀಕ ಪ್ರವೀಣಕುಮಾರ. ಔಷಧದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವನ ಕಂಪನಿ. ಟೈ ಕಟ್ಟುವುದೊಂದು ಅವನಿಗೆ ಪೂರ್ತಿಯಾಗಿ ಬರುತ್ತಿದ್ದ ವಿದ್ಯೆ. ಉಳಿದ ವಿದ್ಯೆಗೆ ನಾಗಲಿಂಗನಿದ್ದ. ಆಶ್ಚರ್ಯವೆಂದರೆ, ಕಂಪ್ಯೂಟರಿನ ಮುಂದೆ ಕೂತ ನಾಗಲಿಂಗ ಏನನ್ನೂ ಮರೆಯುತ್ತಿರಲಿಲ್ಲ.

ಮೊದಲ ದಿನವೇ ಸಮೂಹದ ಅಧ್ಯಕ್ಷರು ಕೇಳಿದ್ದರು. "ಮುಂಜಾನಿ ಒಂಬತ್ತಕ್ಕ ಹನ್ನೆರಡ ಸಾವಿರ ಮಂದಿ ಒಮ್ಮಿಗೇ ಹಾಜರಿ ಹಾಕಾಕ ಬಂದ್ರ ನಿಮ್ಮ ಪೋರ್ಟಲ್ ತಡಕೋತೈತೇನು?"

ಪ್ರವೀಣಕುಮಾರ ಟೈ ಸರಿಮಾಡಿಕೊಂಡ. ನಾಗಲಿಂಗ ಹೇಳಿದ. "ಪಂಗತಿ ಊಟ ಇದ್ದಂಗ್ರಿ. ಮಂದಿ ಹೆಚ್ಚಾದ್ರ ಇನ್ನೊಂದ ಸಾಲ ಎಲಿ ತಾನ ಹಾಸತೈತಿ. ಕಡಿಮಿ ಆದ್ರ ತಾನ ತಗೀತೈತಿ. ಯಾರೂ ಹಸಕೊಂಡ ಹೋಗೂದಿಲ್ಲ."

ಅಧ್ಯಕ್ಷರಿಗೆ ಊಟದ ಭಾಷೆ ಚೆನ್ನಾಗಿ ತಿಳಿಯುತ್ತಿತ್ತು. ಒಪ್ಪಿದರು.

ನಾಗಲಿಂಗ ಹೇಳಿದಂತೆಯೇ ಕಟ್ಟಿದ. ಅವನ ಪೋರ್ಟಲಿನ ಸರ್ವರುಗಳು ಬೇರೆ ಬೇರೆ ಊರುಗಳಲ್ಲಿದ್ದವು. ಒಂದು ಕೆಟ್ಟು ಕೂತರೆ ಇನ್ನೊಂದು ಎದ್ದು ಬಡಿಸುತ್ತಿತ್ತು. ಒಬ್ಬರ ಹೆಸರು ಒಮ್ಮೆ ಒಳಗೆ ಸೇರಿತೆಂದರೆ ಮೂರು ಊರುಗಳಲ್ಲಿ ಅದರ ನಕಲು. ಯಾವ ಊರು ಮುಳುಗಿದರೂ ಹೆಸರು ಮುಳುಗುವುದಿಲ್ಲ. ಒಬ್ಬ ಮನುಷ್ಯನೂ ಕಳೆದುಹೋಗದಂತೆ ಕಟ್ಟಿದ್ದೇನೆ ಎಂದು ಅವನು ಹೇಳುವಾಗ ಪ್ರವೀಣಕುಮಾರ ಅದನ್ನು ಜಾಹೀರಾತಿನ ಮಾತು ಎಂದುಕೊಂಡು ಬರೆದಿಟ್ಟುಕೊಂಡ.

ಕಟ್ಟಿದ ಮೇಲೆ ಪರೀಕ್ಷೆ ಮಾಡಬೇಕು. ಪರೀಕ್ಷೆಗೆ ಸುಳ್ಳು ಸಿಬ್ಬಂದಿ ಬೇಕು. ‘ಟೆಸ್ಟ್ ಒಂದು, ಟೆಸ್ಟ್ ಎರಡು ಅಂತ ಹಾಕ್ರಿ’ ಎಂದ ಪ್ರವೀಣಕುಮಾರ. ಹೆಸರಿನಲ್ಲಿ ಅಂಕಿ ಇರಕೂಡದೆಂದು ಪೋರ್ಟಲ್ ಹಟ ಹಿಡಿಯಿತು. ಆ ಹಟ ಕಲಿಸಿದವನು ನಾಗಲಿಂಗನೇ. ಹೀಗಾಗಿ ಬದನಿಕಾಯಿ ಬಸಪ್ಪ, ಹೀರಿಕಾಯಿ ಹನಮಪ್ಪ, ಸವತಿಕಾಯಿ ಸಂಗಪ್ಪ ಮುಂತಾದ ಸಭ್ಯ ಗೃಹಸ್ಥರು ಕೆಲಸಕ್ಕೆ ಸೇರಿದರು. ಬಾಗಲಕೋಟೆಯ ಸಂತೆಯ ತರಕಾರಿಯೆಲ್ಲ ಮುಗಿದು, ಇನ್ನೊಂದು ಹೆಸರು ಬೇಕಾದಾಗ, ನಾಗಲಿಂಗನ ಕೈ ತಾನಾಗಿ ‘ಜಯಶ್ರೀ ಹೂಲಗೇರಿ’ ಎಂದು ಹೊಡೆಯಿತು. ಹೂಲಗೇರಿ ಅವಳ ತವರಿನ ಅಡ್ಡಹೆಸರು.

ಬದನಿಕಾಯಿ ಬಸಪ್ಪನಿಗೆ ಜನ್ಮದಿನಾಂಕ ಏನೋ ಒಂದು ಹಾಕಿದ್ದವನು ಇಲ್ಲಿ ನಿಜವಾದದ್ದನ್ನೇ ಹಾಕಿದ. ರಕ್ತದ ಗುಂಪು, ಎಡಗೆನ್ನೆಯ ಮಚ್ಚೆ, ಎಲ್ಲ ನಿಜ. ಮೊಬೈಲ್ ನಂಬರೂ ಅವಳದೇ. ಆ ಫೋನು ಅಡುಗೆಮನೆಯ ಗೋಡೆಯ ಮಾಡದಲ್ಲಿತ್ತು, ಅವನು ಅದಕ್ಕೆ ಚಾರ್ಜ್ ಮಾಡುವುದನ್ನು ನಿಲ್ಲಿಸಿರಲಿಲ್ಲ. ವಿಳಾಸದ ಸಾಲಿನಲ್ಲಿ ಸ್ವಲ್ಪ ತಡೆದ. ಬದುಕಿದ್ದಾಗ ಸಿಟ್ಟು ಬಂದರೆ ಅವಳು ಇಳಕಲ್ಲಿನ ಬಸ್ಸು ಹತ್ತಿ ತಾಯಿಯ ಮನೆಗೆ ಹೋಗಿಬಿಡುತ್ತಿದ್ದಳು. ನವನಗರದ ಮನೆಯಲ್ಲಿ ಇಲ್ಲ ಎಂದಮೇಲೆ ಇಳಕಲ್ಲಿನಲ್ಲೇ ಇರಬೇಕು. ತವರುಮನೆಯ ವಿಳಾಸ ಹಾಕಿದ. ಘಟಕ ಯಾವುದು ಎಂದು ಪೋರ್ಟಲ್ ಕೇಳಿತು. ಪರೀಕ್ಷೆ ಎಲ್ಲ ಕಡೆ ಆಗಬೇಕಿತ್ತಲ್ಲ. ‘ಎಲ್ಲಾ ಘಟಕಗಳು’ ಎಂದು ಒತ್ತಿದ.

ಪೋರ್ಟಲ್ ಬದುಕಿದೆಯೋ ಸತ್ತಿದೆಯೋ ದಿನಾ ನೋಡಿಕೊಳ್ಳಲು ಒಂದು ಉಪಾಯ ಬೇಕಿತ್ತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಜಯಶ್ರೀಯ ಹೆಸರಿನಲ್ಲಿ ಹಾಜರಿ ಬೀಳುವಂತೆ, ಬಿದ್ದ ಕೂಡಲೇ ತನ್ನ ಫೋನಿಗೆ ಸುದ್ದಿ ಬರುವಂತೆ ಮಾಡಿದ. ಮರುದಿನ ಒಂಬತ್ತಕ್ಕೆ ಫೋನು ಟಿಣ್ ಎಂದಿತು. ‘ಜಯಶ್ರೀ ಹೂಲಗೇರಿ: ಹಾಜರ್.’ ನಾಗಲಿಂಗ ಅದನ್ನು ಹಲ್ಲುಜ್ಜುತ್ತ ನೋಡಿದ. ಬಾಯಿ ಮುಕ್ಕಳಿಸುವುದನ್ನು ಮರೆತು, ನೊರೆಯ ಬಾಯಲ್ಲೇ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ.

ಪೋರ್ಟಲ್ ಶುರುವಾಗುವ ದಿನ ಪ್ರವೀಣಕುಮಾರ ಕೇಳಿದ. "ಸುಳ್ಳು ಮಂದೀನೆಲ್ಲಾ ಅಳಿಸಿದ್ರೇನು?"

"ಅಳಿಸೇನ್ರಿ."

ಬದನಿಕಾಯಿ, ಹೀರಿಕಾಯಿ, ಸವತಿಕಾಯಿ ಎಲ್ಲರೂ ಹೋಗಿದ್ದರು. ಒಂದು ಹೆಸರು ಉಳಿದಿತ್ತು. ನಾಗಲಿಂಗ ಮರೆತ ಎಂದು ಮುಂದೆ ಎಲ್ಲರೂ ಹೇಳಿದರು. ಅವನನ್ನು ಬಲ್ಲವರು ಬೇರೆ ಏನು ಹೇಳಿಯಾರು? ಆದರೆ ಅವನು ಪ್ರತಿದಿನ ಆ ಹೆಸರನ್ನು ಅಳಿಸಲು ತೆರೆಯುತ್ತಿದ್ದ. ‘ನಾಳೆ ಅಳಿಸಿದರಾಯಿತು’ ಎಂದು ಮುಚ್ಚುತ್ತಿದ್ದ. ಸಂಬಳದ ಪಟ್ಟಿ ಬೇರೆ ಕಡೆ ಇದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಹೀಗೆ ಎರಡು ವರ್ಷ.

ಎರಡು ವರ್ಷದಲ್ಲಿ ಜಯಶ್ರೀ ಒಂದು ದಿನವೂ ತಪ್ಪಿಸಲಿಲ್ಲ. ರವಿವಾರ ಬಂದಳು. ಯುಗಾದಿ, ಬಸವ ಜಯಂತಿ, ದೀಪಾವಳಿಯ ಮೂರೂ ದಿನ ಬಂದಳು. ಸಿಮೆಂಟು ಕಾರ್ಖಾನೆಯ ಹದಿನೈದು ದಿನಗಳ ಮುಷ್ಕರದಲ್ಲಿ ಗೇಟಿನ ಕಾವಲುಗಾರನೇ ಬರಲಿಲ್ಲ, ಜಯಶ್ರೀ ಬಂದಳು. ವಾರ್ಷಿಕೋತ್ಸವಕ್ಕೆ ‘ಆದರ್ಶ ಉದ್ಯೋಗಿ’ಯನ್ನು ಆರಿಸುವಾಗ, ಈ ಸಲ ಯಾರ ಶಿಫಾರಸೂ ಬೇಡ, ಪೋರ್ಟಲೇ ಆರಿಸಲಿ ಎಂದರು ಅಧ್ಯಕ್ಷರು. ಪೋರ್ಟಲ್ ಆರಿಸಿತು.

"ರವಿವಾರನೂ ಬಂದಾಳ?" ಎಂದು ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾಯಕ ಅಂದ್ರ ಇದು."

ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ನಾಗರತ್ನಾ ಅವತ್ತೇ ಆ ನಂಬರಿಗೆ ಫೋನು ಮಾಡಿದರು. ನಾಗಲಿಂಗ ಅನ್ನಕ್ಕೆ ಇಟ್ಟು, ಅಕ್ಕಿ ಹಾಕಲು ಮರೆತು, ಬರೀ ನೀರು ಕುದಿಯುವುದನ್ನು ನೋಡುತ್ತ ನಿಂತಿದ್ದ. ಮಾಡದಲ್ಲಿದ್ದ ಫೋನು ಮೂರು ವರ್ಷದ ಮೇಲೆ ಮೊದಲ ಸಲ ರಿಂಗಾಯಿತು. ಅವನ ಕೈಯಲ್ಲಿದ್ದ ಸವಟು ನೀರಿಗೆ ಬಿತ್ತು.

"ಜಯಶ್ರೀಯವರು ಅದಾರೇನ್ರಿ?"

"ಇಲ್ಲರಿ."

"ಹೊರಗ ಹೋಗ್ಯಾರೇನು?"

"ಹೋಗ್ಯಾಳ್ರಿ."

"ಯಾವಾಗ ಬರ್ತಾರ?"

ನಾಗಲಿಂಗ ಒಲೆ ಆರಿಸಿದ. "ಹೇಳಿ ಹೋಗಿಲ್ಲರಿ" ಎಂದ. ಫೋನು ಇಟ್ಟುಬಿಟ್ಟ. ಇಷ್ಟು ಮಾತಿನಲ್ಲಿ ಅವನು ಒಂದೂ ಸುಳ್ಳು ಹೇಳಲಿಲ್ಲ ಎಂಬುದನ್ನು ಅವನ ಪರವಾಗಿ ಇಲ್ಲಿ ನಮೂದಿಸಬೇಕು.

ನಾಗರತ್ನಾ ಜಾಣೆ. ಪ್ರಶಸ್ತಿಯನ್ನು ಗುಟ್ಟಾಗಿಟ್ಟು, ಮನೆಗೇ ಹೋಗಿ ಅಚ್ಚರಿಪಡಿಸೋಣ ಎಂದುಕೊಂಡರು. ಅದಕ್ಕೆ ಮುಂಚೆ ಪ್ರತಿ ಘಟಕದಿಂದ ಜಯಶ್ರೀಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಸಿ ಪೋರ್ಟಲಿನಲ್ಲಿ ಹಾಕಬೇಕಿತ್ತು. ಬರೆಸಿ ತರುವವರು ಯಾರು? ಪೋರ್ಟಲಿನವನು. ಪ್ರವೀಣಕುಮಾರ ನಾಗಲಿಂಗನನ್ನು ಬಸ್ಸು ಹತ್ತಿಸಿದ.

ಹೋಗುವ ಮೊದಲು ನಾಗಲಿಂಗ ನಿಜ ಹೇಳಬಹುದಿತ್ತು. ಬಾಯಿ ತೆರೆದಿದ್ದ ಕೂಡ. ‘ಇದರಿಂದ ನಮ್ಮ ಕಂಪನಿ ಎಲ್ಲಿಂದ ಎಲ್ಲಿಗೋ ಹೋಗತೈತಿ’ ಎಂದು ಪ್ರವೀಣಕುಮಾರ ಅವನ ಎರಡೂ ಕೈ ಹಿಡಿದು ಕುಲುಕಿದ. ತೆರೆದ ಬಾಯಿಯಲ್ಲಿ ನಾಗಲಿಂಗ ‘ಹೌದ್ರಿ’ ಎಂದ.

ಬಾದಾಮಿಯ ಘಟಕದ ವ್ಯವಸ್ಥಾಪಕನ ಹೆಸರು ದುಂಡೇಶ. ತನ್ನ ಕೈಕೆಳಗಿನ ಒಬ್ಬಳು ಇಡೀ ಸಮೂಹಕ್ಕೇ ಮಾದರಿಯಾಗಿರುವಾಗ ಅವಳು ತನಗೆ ಗೊತ್ತಿಲ್ಲ ಎನ್ನುವುದು ಹೇಗೆ? ಅವನು ಕಿಟಕಿಯ ಬಳಿಯ ಖಾಲಿ ಖುರ್ಚಿ ತೋರಿಸಿದ.

"ಇಲ್ಲೇ ಕುಂಡ್ರತಾರ್ರಿ. ಇವತ್ತ ಫೀಲ್ಡಿಗೆ ಹೋಗ್ಯಾರ. ಭಾಳ ಶಾಂತ ಸ್ವಭಾವ. ಕಿಟಕಿಗೆ ಮಂಗ್ಯಾ ಬಂದ್ರ ನಮ್ಮ ಮಂದಿ ಬಡಿಗಿ ಹಿಡಿತಾರ. ಅವರು ತಮ್ಮ ಡಬ್ಬಿಯೊಳಗಿನ ರೊಟ್ಟಿ ಮುರದ ಕೊಡತಾರ."

ನಾಗಲಿಂಗ ಬರೆದುಕೊಂಡ. ಮದುವೆಯಾದ ಹೊಸದರಲ್ಲಿ ಇದೇ ಬಾದಾಮಿಗೆ ಬಂದಿದ್ದಾಗ ಒಂದು ಮಂಗ ಅವಳ ಕೈಚೀಲ ಕಿತ್ತುಕೊಂಡು ಬಂಡೆ ಏರಿತ್ತು. ಆಮೇಲೆ ಅವಳು ಮಂಗದ ಚಿತ್ರವಿದ್ದ ಕ್ಯಾಲೆಂಡರನ್ನೂ ಮನೆಯಲ್ಲಿ ಇಟ್ಟುಕೊಂಡವಳಲ್ಲ.

"ಹೆದರೂದಿಲ್ಲೇನ್ರಿ?" ಎಂದು ಕೇಳಿದ.

"ಛೇ. ಮಂಗ್ಯಾಗೋಳು ಅವರ ದಾರಿ ಕಾಯತಾವ."

ಭಯ ಹೋಗಿದೆಯಲ್ಲ ಎಂದು ನಾಗಲಿಂಗನಿಗೆ ಸಮಾಧಾನವಾಯಿತು. ಸಮಾಧಾನವಾದದ್ದೇಕೆಂದು ಆ ಖುರ್ಚಿಯನ್ನು ನೋಡುತ್ತ ಬಹಳ ಹೊತ್ತು ಯೋಚಿಸಿದ. ದುಂಡೇಶನಿಗೆ ಇವನು ಹೋಗಿದ್ದರೆ ಸಾಕಾಗಿತ್ತು.

ಹುನಗುಂದದ ಎಣ್ಣೆ ಗಿರಣಿಯಲ್ಲಿ ಗುಮಾಸ್ತ ಸಂಗಯ್ಯ ಸಿಕ್ಕ. ಮೇಲಿನವರು ಏನು ಕೇಳಿದರೂ ಇಲ್ಲ ಎನ್ನದೆ ಮೂವತ್ತು ವರ್ಷ ನೌಕರಿ ಮಾಡಿದವನು.

"ಜಯಶ್ರೀ ಮೇಡಂ ಗೊತ್ತಿಲ್ಲದ ಇರತಾರೇನ್ರಿ? ಭಾಳ ಚಲೋ ಹೆಣ್ಮಗಳು. ಮೊನ್ನಿ ಬಂದಿದ್ರು." ನಾಲ್ಕು ಮಾತು ಕೇಳಿದ್ದಾರೆ, ಇನ್ನೊಂದು ಬೇಕು. "ಸ್ವಲ್ಪ ಕೆಮ್ಮತಿದ್ರು. ಆದ್ರೂ ರಜಾ ಹಾಕಲಿಲ್ಲ ನೋಡ್ರಿ."

ನಾಗಲಿಂಗನ ಪೆನ್ನು ನಿಂತಿತು. "ಕೆಮ್ಮತಿದ್ಲಾ? ಎಷ್ಟ ದಿವಸದಿಂದ?"

"ಒಂದ ನಾಕ ದಿವಸ ಇರಬೇಕ್ರಿ."

"ಜ್ವರ ಇತ್ತೇನು?"

"ಸ್ವಲ್ಪ ಇತ್ತರಿ."

"ದವಾಖಾನಿಗೆ ತೋರಿಸ್ಯಾಳೇನು?"

"ಇಲ್ಲರಿ. ಧೂಳಿಗೆ ಕೆಮ್ಮ ಬಂದಿರತೈತಿ ಅಂತ ಸುಮ್ಮನಾದ್ರು."

ನಾಗಲಿಂಗ ಎದ್ದು ನಿಂತು ಸಂಗಯ್ಯನ ತೋಳು ಹಿಡಿದ. "ಧೂಳು ಅಂತ ಬಿಡಬ್ಯಾಡ್ರಿ. ಧೂಳಲ್ಲ ಅದು. ಈಗಿಂದೀಗ ಕರಕೊಂಡ ಹೋಗ್ರಿ. ನಾಳಿ ಅನಬ್ಯಾಡ್ರಿ. ಉಸರ ಹತ್ತಾಕ ಶುರು ಆದ್ರ ಆಮ್ಯಾಲ ದವಾಖಾನ್ಯಾಗ ಗಾದಿ ಸಿಗೂದಿಲ್ಲ."

ಸಂಗಯ್ಯ ಹೆದರಿ, ತಾನೇ ಖುದ್ದಾಗಿ ಅವರನ್ನು ದವಾಖಾನೆಗೆ ಕರೆದೊಯ್ಯುವುದಾಗಿ ಮಾತು ಕೊಟ್ಟ. ಕೊರೊನಾದ ಎರಡನೆಯ ವರ್ಷ ಜಯಶ್ರೀ ಕೆಮ್ಮಲು ಶುರುಮಾಡಿದಾಗ ಧೂಳಿರಬೇಕು ಎಂದವನು ನಾಗಲಿಂಗನೇ. ನಾಲ್ಕು ದಿನ ಹಾಗೆ ಅಂದಿದ್ದ. ಗಿರಣಿಯ ಹೊರಗೆ ಬಂದು, ನಳದ ಕೆಳಗೆ ತಲೆ ಹಿಡಿದ. ಕನ್ನಡಕ ತೆಗೆಯುವುದನ್ನು ಮರೆತಿದ್ದ.

ಅಲ್ಲೇ ಅವನಿಗೆ ನಾಗರತ್ನಾ ಅವರ ಜೀಪು ಎದುರಾಯಿತು. ಹಿಂದಿನ ಸೀಟಿನಲ್ಲಿ ಕ್ಯಾಮೆರಾದವನು, ಹಾರ, ಶಾಲು, ಅಮೀನಗಡದ ಕರದಂಟಿನ ಡಬ್ಬಿ, ಇಳಕಲ್ಲಿನಲ್ಲೇ ಕೊಂಡರಾಯಿತೆಂದು ಸೀರೆಗೆ ಜಾಗ.

"ಬರ್ರಿ ನಾಗಲಿಂಗ ಅವರ. ವಿಳಾಸ ನಿಮ್ಮ ಪೋರ್ಟಲ್‍ನ್ಯಾಗಿಂದು. ನೀವ ಮನಿ ತೋರಿಸ್ರಿ."

ನಾಗಲಿಂಗ ಜೀಪು ಹತ್ತಿದ. ಇಳಕಲ್ಲಿನವರೆಗಿನ ಅರ್ಧ ತಾಸಿನಲ್ಲಿ ಏಳು ಸಲ ‘ಮೇಡಂ’ ಎಂದ. ಏಳು ಸಲವೂ ಅವರು ‘ಏನ್ರಿ’ ಎಂದರು. ಒಮ್ಮೆ ‘ಬಿಸಲ ಭಾಳ ಐತ್ರಿ’ ಎಂದ, ಒಮ್ಮೆ ‘ಟೈರು ನೋಡಿಸಿರೇನ್ರಿ’ ಎಂದ. ಉಳಿದ ಐದು ಸಲ ಏನೂ ಅನ್ನಲಿಲ್ಲ. ಪೇಟೆಯಲ್ಲಿ ನಾಗರತ್ನಾ ಟೋಪ್ ಸೆರಗಿನ ಹಸಿರು ಸೀರೆ ಆರಿಸಿ, "ಅವರಿಗೆ ಒಪ್ಪತೈತೇನ್ರಿ?" ಎಂದು ಕೇಳಿದಾಗ ಮಾತ್ರ ಅವನು ಕೂಡಲೇ ಉತ್ತರ ಕೊಟ್ಟ.

"ಒಪ್ಪತೈತ್ರಿ."

ಶಾರವ್ವನ ಮನೆ ಮಗ್ಗದ ಓಣಿಯಲ್ಲಿತ್ತು. ಶಾರವ್ವ ಎಂದರೆ ಜಯಶ್ರೀಯ ತಾಯಿ. ಈ ಮೂರು ವರ್ಷದಲ್ಲಿ ನಾಗಲಿಂಗ ಅತ್ತೆಯ ಹೊಸ್ತಿಲು ತುಳಿದಿರಲಿಲ್ಲ. ತುಳಿಯಲು ಮುಖವಿರಲಿಲ್ಲ. ಆ ವರ್ಷ ರಸ್ತೆಗಳಿಗೆಲ್ಲ ಅಡ್ಡಗಟ್ಟೆ ಹಾಕಿದ್ದರು. ಮಗಳು ಹೋದ ಸುದ್ದಿ ಶಾರವ್ವನಿಗೆ ಮುಟ್ಟಿದ್ದು ಮಣ್ಣು ಮಾಡಿದ ಮರುದಿನ, ಅದೂ ಫೋನಿನಲ್ಲಿ. ಮಣ್ಣಿಗೆ ಬಂದವರು ದವಾಖಾನೆಯ ನಾಲ್ಕು ಜನ, ಬಿಳಿ ಅಂಗಿಯೊಳಗೆ ಮುಖ ಕಾಣದವರು. ಸಾವಿನ ಮನೆಗೆ ರೂಢಿಯಂತೆ ಮಾತಾಡಿಸಲು ಒಬ್ಬರೂ ಬರಲಿಲ್ಲ. ಬರುವುದಕ್ಕೆ ಯಾರಿಗೂ ಅಪ್ಪಣೆಯಿರಲಿಲ್ಲ.

ಶಾರವ್ವ ಕಟ್ಟೆಯ ಮೇಲೆ ಕೂತು ಮೆಂತೆಸೊಪ್ಪು ಸೋಸುತ್ತಿದ್ದಳು. ನಾಗರತ್ನಾ ಕೈ ಮುಗಿದರು.

"ಜಯಶ್ರೀಯವರ ಮನಿ ಇದೇನ್ರಿ, ಅಮ್ಮ?"

"ಹೌದವ್ವ."

"ನೀವು ಅವರ ತಾಯೇರಾ? ನಿಮ್ಮ ಮಗಳು ನಮ್ಮ ಇಡೀ ಸಮೂಹದಾಗ ಮೊದಲನೇ ನಂಬರ ಬಂದಾಳ್ರಿ. ಎರಡು ವರ್ಷದಾಗ ಒಂದ ದಿವಸ ರಜಾ ತಗೊಂಡಿಲ್ಲ."

ಶಾರವ್ವ ಸೊಪ್ಪನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. ಕ್ಯಾಮೆರಾದವನು ಜಾಗ ಹಿಡಿದುಕೊಂಡ. "ಅಜ್ಜಿ, ಸ್ವಲ್ಪ ಈಕಡಿ ನೋಡ್ರಿ. ಸ್ವಲ್ಪ ನಗ್ರಿ."

ಆಗ ನಾಗರತ್ನಾ ಅವರ ಕಣ್ಣು ತೆರೆದ ಬಾಗಿಲಿನಿಂದ ಒಳಗೋಡೆಗೆ ಹೋಯಿತು. ಗೋಡೆಯ ಮೇಲೆ ಫೋಟೋ. ಎಡಗೆನ್ನೆಯಲ್ಲಿ ಮಚ್ಚೆ. ಫೋಟೋಕ್ಕೆ ಗಂಧದ ಹಾರ, ಕೆಳಗೆ ಎರಡು ದಿನಾಂಕ. ಅವರು ಎರಡನೆಯ ದಿನಾಂಕವನ್ನು ಎರಡು ಸಲ ಓದಿದರು. ಕೈಯಲ್ಲಿದ್ದ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಹಿಂದೆ ಸರಿಸಿಕೊಂಡರು. ಜೀಪಿನ ಮರೆಯಲ್ಲಿ ನಿಂತಿದ್ದ ನಾಗಲಿಂಗನ ಕಡೆ ತಿರುಗಿದರು.

"ಇದೇನ್ರಿ?"

"ಅಕಿ ನನ್ನ ಹೆಂಡ್ತಿರಿ" ಎಂದ ನಾಗಲಿಂಗ.

ಅಲ್ಲಿ, ಓಣಿಯಲ್ಲಿ ನಿಂತೇ ಎಲ್ಲ ಹೇಳಿದ. ಕ್ರಮ ತಪ್ಪಿ ಹೇಳಿದ. ಕೆಮ್ಮಿನಿಂದ ಶುರುಮಾಡಿ ಬದನಿಕಾಯಿ ಬಸಪ್ಪನಿಗೆ ಬಂದು, ಮತ್ತೆ ಮಂಗನಿಗೆ ಹೋದ. ಆದರೂ ಕೇಳಿದವರಿಗೆ ಅರ್ಥವಾಯಿತು. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ.

ಶಾರವ್ವ ನಿಧಾನವಾಗಿ ಕೇಳಿದಳು. "ಎಷ್ಟೊತ್ತಿಗೆ ಹೋಗತಾಳ ಕೆಲಸಕ್ಕ?"

"ಒಂಬತ್ತಕ್ಕ, ಅತ್ತಿ."

"ನನ್ನ ಮನ್ಯಾಗ ಎಂಟಕ್ಕಿಂತ ಮೊದಲ ಎದ್ದಾಕಿ ಅಲ್ಲ ಅಕಿ." ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ದೀಪಾವಳಿಗೂ ಬಿಡಲಿಲ್ಲೇನ್ರಿ ಅಕೀನ್ನ? ಮೂರು ದೀಪಾವಳಿ ನಾ ದಾರಿ ನೋಡೇನಿ, ಅಳಿಯಂದ್ರ. ಅಕಿ ಅಂತೂ ಬರೂದಿಲ್ಲ. ನೀವರೆ ಬರ್ತೀರಂತ."

ನಾಗಲಿಂಗ ತಲೆ ತಗ್ಗಿಸಿದ. ಅಂದು ಬೆಳಿಗ್ಗೆಯೂ ಚಪ್ಪಲಿಗಳ ಬಣ್ಣ ಬೇರೆ ಬೇರೆ ಇದ್ದದ್ದು ಅವನಿಗೆ ಆಗ ಕಂಡಿತು.

ಮೇಗುಡಿ ಸಮೂಹದ ಜೀಪು ಬಂದದ್ದು ನೋಡಿ ಪಕ್ಕದ ಮನೆಯ ಮಾಸುಮಬಿ ಹೊರಗೆ ಬಂದಳು. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅವಳ ಗಂಡ ದಸ್ತಗೀರಸಾಬ ಇದೇ ಸಮೂಹದ ಗ್ರಾನೈಟು ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸುತ್ತಿದ್ದವನು. ಐದು ತಿಂಗಳ ಹಿಂದೆ ಮನೆಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ.

"ಮೇಡಂನೋರ, ನಮ್ಮವ್ರು ತೀರಿಕೊಂಡ ಮ್ಯಾಲ ಬಂದಾವ, ಇವನ್ನೊಮ್ಮಿ ನೋಡ್ರಿ" ಎಂದು ಚೀಲ ಬಿಚ್ಚಿದಳು. ಒಂಬತ್ತು ಪತ್ರಗಳು. ಒಂಬತ್ತೂ ದಸ್ತಗೀರಸಾಬನ ಹೆಸರಿಗೆ. ‘ನೀವು ಅನುಮತಿಯಿಲ್ಲದೆ ಗೈರುಹಾಜರಾಗಿರುತ್ತೀರಿ. ಏಳು ದಿನಗಳೊಳಗೆ ಖುದ್ದಾಗಿ ಬಂದು ಕಾರಣ ತಿಳಿಸತಕ್ಕದ್ದು.’

"ಸತ್ತ ಕಾಗದ ಕೊಟ್ಟಿಲ್ಲೇನವ್ವ?" ಎಂದರು ನಾಗರತ್ನಾ.

"ಮೂರ ಸಲ ಕೊಟ್ಟೇನ್ರಿ. ನಿಮ್ಮ ಗುಮಾಸ್ತರು ಕಂಪ್ಯೂಟರ್‍ನ್ಯಾಗ ನೋಡಿ ಅಂತಾರ, ಇದರಾಗ ಸಾಯಾಕ ಬರೂದಿಲ್ಲಬೇ. ರಾಜೀನಾಮಿ ಕೊಡಾಕ ಬರತೈತಿ, ರಿಟೈರ್ ಆಗಾಕ ಬರತೈತಿ, ವರ್ಗ ಮಾಡಾಕ ಬರತೈತಿ, ಕೆಲಸದಿಂದ ತಗ್ಯಾಕ ಬರತೈತಿ. ಸಾಯಾಕ ಬರೂದಿಲ್ಲ." ಅವಳು ಶಾರವ್ವನ ಕಡೆ ನೋಡಿದಳು, ಆಮೇಲೆ ನಾಗಲಿಂಗನ ಕಡೆ. "ಈಗ ಕೇಳಿಸಿಕೊಂಡೆ ಎಲ್ಲಾ. ಜಯಶ್ರೀ ದಿನಾ ಹಾಜರಂತ, ನಮ್ಮವ್ರು ದಿನಾ ಗೈರಂತ. ಸತ್ತವರೊಳಗೂ ಹಾಜರಿ ಗೈರು ಐತೇನ್ರಿ?"

ನಾಗರತ್ನಾ ನಾಗಲಿಂಗನನ್ನು ನೋಡಿ ಹೇಳಿದರು. "ಕೆಲಸ ಬಿಡೂದಕ್ಕ ಐದು ಕಾರಣ ಬರದ ಕೊಟ್ಟಿದ್ದೆ ನಿಮಗ. ನನಗ ಚಲೋ ನೆನಪೈತಿ."

"ಕೊಟ್ಟಿದ್ರಿ."

"ಐದನೇದ ಎಲ್ಲಿ ಹೋತು?"

ನಾಗಲಿಂಗನಿಗೆ ಆ ದಿನ ನೆನಪಿತ್ತು. ನಾಲ್ಕು ಕಾರಣ ಹೊಡೆದು, ಐದನೆಯ ಪದಕ್ಕೆ ಬಂದು, ಎದ್ದು ನೀರು ಕುಡಿದು ಬಂದಿದ್ದ. ಆಮೇಲೆ ಕೂರಲಿಲ್ಲ. ಊರೂರಿನಿಂದ ದೂರು ಬಂದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬರೆದಿದ್ದ. ಅವನ ಲೆಕ್ಕದಲ್ಲಿ ಅದು ಬರೀ ಒಂದು ಪದ. ಅದರ ಹಿಂದೆ ಮಾಸುಮಬಿ ಎಂಬ ಒಬ್ಬಳು ಚೀಲ ಹಿಡಿದು ಆಫೀಸಿಗೆ ತಿರುಗುತ್ತಾಳೆಂದು ಅವನಿಗೆ ಹೊಳೆದಿರಲಿಲ್ಲ.

"ನಾ ಹಾಕಲಿಲ್ಲರಿ" ಎಂದ. ಮಾಸುಮಬಿಯ ಮುಂದೆ ಕೈ ಜೋಡಿಸಿದ. "ನನ್ನ ತಪ್ಪು, ಅಕ್ಕಾ. ಈಗ ಹಾಕ್ತೇನಿ."

ಶಾರವ್ವನ ಕಟ್ಟೆಯ ಮೇಲೆ, ಮೆಂತೆಸೊಪ್ಪಿನ ಬುಟ್ಟಿಯ ಪಕ್ಕದಲ್ಲಿ ಕೂತು ಲ್ಯಾಪ್‍ಟಾಪ್ ತೆರೆದ. ನಾಲ್ಕು ಕಾರಣಗಳ ಕೆಳಗೆ ‘ನಿಧನ’ ಎಂದು ಸೇರಿಸಲು ಎರಡು ನಿಮಿಷ ಸಾಕಾಯಿತು. ಮೂರು ಅಕ್ಷರಗಳಿಗೆ ಎರಡು ವರ್ಷ, ಎರಡು ನಿಮಿಷ. ಯಾರಾದರೂ ತೀರಿಕೊಂಡರೆ ಎಲ್ಲ ಘಟಕಕ್ಕೂ ಮನೆಯ ವಿಳಾಸದ ಸಮೇತ ಸುದ್ದಿ ಹೋಗಬೇಕು, ಜೊತೆಯವರು ಹೋಗಿ ಮಾತಾಡಿಸಿ ಬರಬೇಕು, ಅದನ್ನೂ ಮಾಡ್ರಿ ಎಂದರು ನಾಗರತ್ನಾ. ಮಾಡಿದ. ಮೊದಲು ದಸ್ತಗೀರಸಾಬನ ಹೆಸರು ತೆರೆದು ಒತ್ತಿದ. ಮಾಸುಮಬಿ ಪರದೆಯನ್ನು ನೋಡುತ್ತ ಕೇಳಿದಳು. "ಇನ್ನ ಕಾಗದ ಬರೂದಿಲ್ಲಲ್ಲ?"

"ಬರೂದಿಲ್ಲ, ಅಕ್ಕಾ."

ಅವಳು ಸೆರಗು ಬಾಯಿಗಿಟ್ಟುಕೊಂಡಳು. ಐದು ತಿಂಗಳು ಆ ಪತ್ರಗಳನ್ನು ಬೈದವಳಿಗೆ, ಇನ್ನು ಗಂಡನ ಹೆಸರಿಗೆ ಏನೂ ಬರುವುದಿಲ್ಲ ಎಂಬುದು ಆಗ ತಿಳಿಯಿತು.

ಉಳಿದದ್ದು ಇನ್ನೊಂದು ಹೆಸರು. ನಾಗರತ್ನಾ ಸ್ವಲ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಇದನ್ನ ಸುಮ್ಮನ ಅಳಿಸಿಬಿಡ್ರಿ. ಪರೀಕ್ಷಾಕ ಹಾಕಿದ ಹೆಸರು, ತಗದೇವಿ ಅಂತ ನಾ ಹೇಳ್ತೇನಿ. ಯಾರಿಗೂ ಗೊತ್ತಾಗೂದಿಲ್ಲ. ನಿಮ್ಮ ನೌಕರಿ ಉಳಿತೈತಿ."

"ಅಳಸೂದಂದ್ರ ಏನವ್ವ?" ಎಂದಳು ಶಾರವ್ವ.

"ಆ ಹೆಸರಿನವರು ಯಾರೂ ಇರಲೇ ಇಲ್ಲ ಅಂತ ಆಗತೈತಿ, ಅಮ್ಮ."

"ಇದ್ದಳಲ್ಲ" ಎಂದಳು ಶಾರವ್ವ.

ನಾಗಲಿಂಗ ‘ಜಯಶ್ರೀ ಹೂಲಗೇರಿ’ ಎಂಬ ಹೆಸರು ತೆರೆದ. ಐದನೆಯ ಕಾರಣ ಆರಿಸಿದ. ಪೋರ್ಟಲ್ ದಿನಾಂಕ ಕೇಳಿತು. ತನ್ನ ಮದುವೆಯ ದಿನವನ್ನೇ ಪ್ರತಿವರ್ಷ ಮರೆಯುತ್ತಿದ್ದವನು ಯಾರನ್ನೂ ಕೇಳದೆ ಬರೆದ. ಒತ್ತಿದ. ಅವನು ಕಟ್ಟಿದ ವ್ಯವಸ್ಥೆ ಗಟ್ಟಿಯಾಗಿತ್ತು. ನಾಲ್ಕು ಸೆಕೆಂಡಿನಲ್ಲಿ ಮೂರು ಊರುಗಳ ಸರ್ವರುಗಳಲ್ಲೂ ಜಯಶ್ರೀ ತೀರಿಕೊಂಡಳು. ಹನ್ನೆರಡು ಸಾವಿರ ಜನರ ಫೋನಿಗೆ ಸುದ್ದಿ ಹೋಯಿತು. ಸರ್ವರುಗಳಿಗೆ ಸ್ವಲ್ಪವೂ ಭಾರವಾಗಲಿಲ್ಲ.

ಮುಂದೆ ಏನಾಯಿತೆಂದರೆ, ಪ್ರಶಸ್ತಿ ಎರಡನೆಯವರಿಗೆ ಹೋಯಿತು. ಹಸಿರು ಸೀರೆಯನ್ನು ವಾಪಸು ಒಯ್ಯಲು ನಾಗರತ್ನಾ ಅವರಿಗೆ ಮನಸ್ಸಾಗದೆ ಶಾರವ್ವನ ಮಡಿಲಲ್ಲಿಟ್ಟು ಬಂದರು. ಮಾಸುಮಬಿಗೆ ಬರಬೇಕಾದ ಹಣದ ಕಾಗದಗಳು ಹದಿನೈದು ದಿನದಲ್ಲಿ ಸಾಗಿದವು. ಅಧ್ಯಕ್ಷರು ಪೋರ್ಟಲನ್ನು ಉಳಿಸಿಕೊಂಡು ಅದನ್ನು ಕಟ್ಟಿದವನನ್ನು ಕೆಲಸದಿಂದ ಬಿಡಿಸಿದರು. ಪ್ರವೀಣಕುಮಾರ ಅವತ್ತು ಮೊದಲ ಸಲ ಟೈ ಇಲ್ಲದೆ ನಾಗಲಿಂಗನ ಮನೆಗೆ ಬಂದು, ಏನೂ ಹೇಳದೆ ಚಹಾ ಕುಡಿದು ಹೋದ. ನಾಗಲಿಂಗ ಈಗ ಹುನಗುಂದದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಾನೆ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸುದ್ದಿ ಹೋದ ಮರುದಿನ, ರವಿವಾರ, ಮಗ್ಗದ ಓಣಿಗೆ ಜನ ಬರತೊಡಗಿದರು.

ಗ್ರಾನೈಟು ಕಾರ್ಖಾನೆಯವರು ಗುಂಪಾಗಿ ಬಂದು ಮಾಸುಮಬಿಯ ಅಂಗಳದಲ್ಲಿ ಕೂತರು. ಐದು ತಿಂಗಳ ಹಿಂದೆಯೇ ಬಂದುಹೋದವರೂ ಮತ್ತೆ ಬಂದಿದ್ದರು. ಅಲ್ಲಿಂದೆದ್ದು ಪಕ್ಕದ ಮನೆಗೂ ಬಂದರು. ಹುನಗುಂದದಿಂದ ಎರಡು ಟೆಂಪೋ ಬಂದವು. ಬಾದಾಮಿಯಿಂದ ಕಾರ್ಖಾನೆಯ ಬಸ್ಸೇ ಬಂತು. ಜಯಶ್ರೀಯನ್ನು ಕಾಣದವರು, ಪಟ್ಟಿಯಲ್ಲಿ ದಿನಾ ಅವಳ ಹೆಸರಿನ ಕೆಳಗೆ ತಮ್ಮ ಹೆಸರು ನೋಡಿದವರು. ‘ಸುದ್ದಿಯೊಳಗಿನ ದಿನಾಂಕ ಹಳೇದೈತಲ್ಲ’ ಎಂದು ಕೇಳಿದವರಿಗೆ, ಕಂಪ್ಯೂಟರಿನ ತಪ್ಪಿರಬೇಕೆಂದು ಇನ್ನೊಬ್ಬರು ಸಮಾಧಾನ ಹೇಳಿದರು. ಶಾರವ್ವ ಜಮಖಾನೆ ಹಾಸಿದಳು, ಸಾಲಲಿಲ್ಲ, ಮಾಸುಮಬಿ ತನ್ನ ಮನೆಯ ಚಾಪೆಗಳನ್ನೂ ತಂದು ಹಾಸಿದಳು. ಬಂದವರೆಲ್ಲ ರೂಢಿಯಂತೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ‘ಹಿಂಗಾಗಬಾರದಿತ್ತು’ ಎಂದರು. ಮೂರು ವರ್ಷದಲ್ಲಿ ಯಾರೂ ಆಡಿರದ ಮಾತು. ನಾಗಲಿಂಗ ಗೋಡೆಗೊರಗಿ ಕೂತಿದ್ದ. ಬಂದ ಒಬ್ಬೊಬ್ಬರೂ ಅವನ ಕೈ ಹಿಡಿದು ಹೋದರು. ಐವತ್ತನೆಯವರೋ ಅರವತ್ತನೆಯವರೋ ಕೈ ಹಿಡಿದಾಗ ಅವನಿಂದ ತಡೆಯಲಾಗಲಿಲ್ಲ. ಅತ್ತ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಹೊತ್ತು ಇಳಿದಾಗ ಎಲ್ಲರೂ ಹೋದರು, ದುಂಡೇಶ ಮಾತ್ರ ಹಿಂದೆ ಉಳಿದ. ಹತ್ತಿರ ಸರಿದು ಕೂತು ಚಾಪೆಯ ಎಳೆ ಕೀಳುತ್ತ ಹೇಳಿದ.

"ಖರೆ ಹೇಳಬೇಕಂದ್ರ, ನಾ ಅವರನ್ನ ನೋಡೇ ಇಲ್ಲರಿ."

"ಗೊತ್ತೈತ್ರಿ" ಎಂದ ನಾಗಲಿಂಗ.

"ಹೆಂಗಿದ್ರು ಅವರು?"

ಮೂರು ವರ್ಷದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ನಾಗಲಿಂಗ ಮೂಗು ಒರೆಸಿಕೊಂಡ.

"ಕನ್ಯಾ ನೋಡಾಕ ಇದ ಮನಿಗೆ ಬಂದಿದ್ದೆ ನೋಡ್ರಿ. ನಾ ಒಬ್ಬವನ ಬಂದಿದ್ದೆ, ಹಿರಿಯಾರು ಬ್ಯಾರೆ ಬಸ್ಸಿನ್ಯಾಗ. ಅಕಿ ಮಾಳಿಗಿ ಮ್ಯಾಲ ಶಂಡಿಗಿ ಹಾಕಾಕತ್ತಿದ್ಲು. ಕೆಂಪ ಸೀರಿ ಉಟ್ಟಿದ್ಲು. ನನ್ನ ನೋಡಿ, ಶಂಡಿಗಿ ಕೊಳ್ಳಾಕ ಬಂದಾನಂತ ತಿಳಕೊಂಡು, ಇವತ್ತಿಲ್ಲ, ನಾಡದ ಬಾ ಅಂದ್ಲು. ನಾ ಹೊಳ್ಳಿ ಹೋಗಿಬಿಟ್ಟೆ."

"ಆಮ್ಯಾಲ?"

"ನಾಡದ ಬಂದೆ."

ದುಂಡೇಶ ನಕ್ಕ. ಒಳಗಿನಿಂದ ಎರಡು ಕಪ್ ಚಹಾ ಹಿಡಿದುಕೊಂಡು ಬಂದ ಶಾರವ್ವ ಹೊಸ್ತಿಲಲ್ಲಿ ನಿಂತಳು.

"ಕೆಂಪ ಅಲ್ಲರಿ, ಅಳಿಯಂದ್ರ" ಎಂದಳು. "ನೀಲಿ."